ಹಿಡಾಲ್ಗೋ ಕೌಂಟಿಯ ಕುರಿತು ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಕಂದಾಯ ಇಲಾಖೆಯಲ್ಲಿ ಇಷ್ಟು ವರ್ಷ ದುಡಿದ ನೀನು, ಅಮೆರಿಕದ ಹಳ್ಳಿಗಾಡಿನಲ್ಲಿ ಆಡಳಿತ ಹೇಗೆ ನಡೆಯುತ್ತದೆ ಎಂದು ಕೇಳಿದ್ದೆ. ನನಗೆ ಮೊದಲು ನೆನಪಾದದ್ದು ನ್ಯೂ ಮೆಕ್ಸಿಕೋ ರಾಜ್ಯದ ನೈಋತ್ಯ ತುದಿಯಲ್ಲಿ, ಮೆಕ್ಸಿಕೋ ದೇಶದ ಗಡಿಗೆ ತಾಗಿಕೊಂಡಿರುವ ಹಿಡಾಲ್ಗೋ ಕೌಂಟಿ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ. ವಿಸ್ತೀರ್ಣದಲ್ಲಿ ಅದು ನಮ್ಮ ಶಿವಮೊಗ್ಗ ಜಿಲ್ಲೆಗಿಂತ ತುಸು ದೊಡ್ಡದು; 2020ರ ಜನಗಣತಿಯಂತೆ ಅಲ್ಲಿದ್ದವರು ಮಾತ್ರ 4,178 ಮಂದಿ.

ಕೌಂಟಿಯ ಹೆಸರಿನ ಮೂಲ, ಅಮೆರಿಕ ಮತ್ತು ಮೆಕ್ಸಿಕೋ ನಡುವಿನ ಯುದ್ಧವನ್ನು ಮುಗಿಸಿದ 1848ರ ಒಪ್ಪಂದಕ್ಕೆ ಸಹಿ ಬಿದ್ದ ಗ್ವಾಡಲೂಪೆ ಹಿಡಾಲ್ಗೋ ಎಂಬ ಊರು. ಆದರೆ ಕೌಂಟಿಯ ಬಹುಪಾಲು ನೆಲ ಆ ಒಪ್ಪಂದದಿಂದ ಬಂದದ್ದಲ್ಲ. ದಕ್ಷಿಣದ ರೈಲು ಮಾರ್ಗಕ್ಕೆ ಸಮತಟ್ಟಾದ ದಾರಿ ಬೇಕೆಂದು 1853ರಲ್ಲಿ ಗ್ಯಾಡ್ಸ್‌ಡನ್ ಎಂಬ ರಾಯಭಾರಿ ಕುದುರಿಸಿದ, ಕೊನೆಗೆ ಒಂದು ಕೋಟಿ ಡಾಲರಿಗೆ ಇತ್ಯರ್ಥವಾದ ಖರೀದಿಯಲ್ಲಿ ಅದು ಅಮೆರಿಕಕ್ಕೆ ಸೇರಿತು. ಆ ರೈಲು 1880ರಲ್ಲಿ ಬಂದಾಗ ಹಳಿಯ ಪಕ್ಕದಲ್ಲಿ ಹುಟ್ಟಿದ ಲಾರ್ಡ್ಸ್‌ಬರ್ಗ್ ಎಂಬ ಊರೇ, 1919ರಲ್ಲಿ ಗ್ರಾಂಟ್ ಕೌಂಟಿಯ ದಕ್ಷಿಣ ಭಾಗವನ್ನು ಬೇರ್ಪಡಿಸಿ ಹಿಡಾಲ್ಗೋವನ್ನು ರಚಿಸಿದಾಗ, ಅದರ ಆಡಳಿತ ಕೇಂದ್ರವಾಯಿತು.

ಅಲ್ಲಿ ಸರ್ಕಾರ ನೇಮಿಸಿ ಕಳುಹಿಸುವ ಜಿಲ್ಲಾಧಿಕಾರಿ ಇಲ್ಲ. ಆಯವ್ಯಯಕ್ಕೆ ಒಪ್ಪಿಗೆ ಕೊಡುವ ಮೂವರು ಕಮಿಷನರುಗಳನ್ನು ಜನರೇ ಚುನಾಯಿಸುತ್ತಾರೆ; ಅಷ್ಟೇ ಅಲ್ಲ, ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಶೆರಿಫ್, ದಾಖಲೆ ಮತ್ತು ಚುನಾವಣೆ ನೋಡಿಕೊಳ್ಳುವ ಕ್ಲರ್ಕ್, ಖಜಾಂಚಿ, ಆಸ್ತಿಯ ತೆರಿಗೆ ಮೌಲ್ಯ ನಿರ್ಧರಿಸುವ ಅಸೆಸರ್ ಕೂಡ ಮತ ಕೇಳಿಯೇ ಗೆದ್ದು ಬರಬೇಕು. ನಾಲ್ಕು ವರ್ಷಗಳ ಎರಡು ಅವಧಿ ಸತತವಾಗಿ ಮುಗಿಸಿದವರು ಅದೇ ಹುದ್ದೆಗೆ ಕೂಡಲೇ ಮತ್ತೆ ಸ್ಪರ್ಧಿಸುವಂತಿಲ್ಲ. ಇಷ್ಟು ಕಡಿಮೆ ಜನರಿರುವಲ್ಲಿ ಇದು ಕಷ್ಟದ ನಿಯಮವೆಂದು ನನಗೆ ಅನ್ನಿಸಿದರೂ, ಅಧಿಕಾರ ಒಂದೇ ಮನೆಯಲ್ಲಿ ಬೇರೂರದಂತೆ ಅದು ತಡೆಯುತ್ತದೆ ಎಂಬುದನ್ನು ಗೌರವಿಸುತ್ತೇನೆ.

ಗಡಿ ಕಾಯುವುದು ಒಕ್ಕೂಟ ಸರ್ಕಾರದ ಹೊಣೆ. ಆದರೆ ಲಾರ್ಡ್ಸ್‌ಬರ್ಗ್‌ನಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದ ಆಂಟಿಲೋಪ್ ವೆಲ್ಸ್ ಗಡಿದ್ವಾರದವರೆಗಿನ ನೆಲವೆಲ್ಲ ಅದೇ ಶೆರಿಫ್‌ನ ವ್ಯಾಪ್ತಿಯೊಳಗಿದೆ.

ನನ್ನನ್ನು ಹೆಚ್ಚು ಕಾಡಿದ್ದು ಪ್ಲಾಯಾಸ್ ಎಂಬ ಊರು. ತಾಮ್ರ ಕರಗಿಸುವ ಕುಲುಮೆಯ ಕೆಲಸಗಾರರಿಗಾಗಿ ಫೆಲ್ಪ್ಸ್ ಡಾಡ್ಜ್ ಕಂಪನಿ 1970ರ ದಶಕದಲ್ಲಿ ಅದನ್ನು ಕಟ್ಟಿತು. 1999ರಲ್ಲಿ ಕುಲುಮೆ ಆರಿತು, ಮನೆಗಳು ಖಾಲಿಯಾದವು. ಆಮೇಲೆ ನ್ಯೂ ಮೆಕ್ಸಿಕೋ ಟೆಕ್ ಎಂಬ ವಿದ್ಯಾಸಂಸ್ಥೆ ಇಡೀ ಊರನ್ನೇ ಕೊಂಡು, ಭದ್ರತಾ ಸಿಬ್ಬಂದಿಯ ತರಬೇತಿಗೆ ಬಳಸತೊಡಗಿತು.

ಹೊಲದ ಬೆಲೆ ಕಟ್ಟುವವನೇ ಆ ಹೊಲದವರ ಮನೆಗೆ ಮತ ಕೇಳಲು ಹೋಗಬೇಕಾಗಿ ಬಂದರೆ ಏನಾದೀತು ಎಂಬುದನ್ನು ನಿನ್ನ ಅನುಭವದಿಂದ ಬಿಡಿಸಿ ಬರೆ.

ಇಂತಿ ನಿನ್ನ ಗೆಳೆಯ