ಹೆರಿಗೆ ಮನೆಯ ಇಟ್ಟಿಗೆ

ಪ್ರೀತಿಯ ತಂಗಿ,

ಪುರಾಣ ಕಥೆಗಳ ಬಗ್ಗೆ ನೀನು ಬರೆದದ್ದನ್ನು ಎರಡು ಸಲ ಓದಿದೆ. ಭಾಷೆ ಚೆನ್ನಾಗಿ ಹರಿದಿದೆ. ಆದರೆ ಮೊದಲ ಸಾಲಲ್ಲೇ ಎಡವಿದೆ. "ಆದಿಮಾನವ ಗುಡುಗು ಮಿಂಚಿಗೆ ಹೆದರಿ ದೇವರ ಕಥೆ ಕಟ್ಟಿದ" ಎಂದಿದ್ದೀಯ. ಯಾವ ಊರಿನವನು? ಯಾವ ಕಥೆ? ಯಾರನ್ನು ಕೂರಿಸಿಕೊಂಡು ಹೇಳಿದ? ಹೆದರಿದವನು ಕೂಗುತ್ತಾನೆ, ಓಡುತ್ತಾನೆ. ಸಾವಿರ ಸಾಲಿನ ಹಾಡು ಕಟ್ಟಲು ಹೆದರಿಕೆ ಒಂದೇ ಸಾಲದು, ಅಲ್ವಾ?

ಒಂದೇ ಒಂದು ಕಥೆ ಹಿಡಿದುಕೋ. ಅದು ಯಾರ ಮನೆಯಲ್ಲಿ ಯಾವ ಕೆಲಸಕ್ಕೆ ಬರುತ್ತಿತ್ತು ಎಂದು ಕೇಳುತ್ತಾ ಹೋಗು. ನಾನು ವರ್ಷಗಟ್ಟಲೆ ಮತ್ತೆ ಮತ್ತೆ ಓದಿದ ಅತ್ರಹಸಿಸ್ ಕಥೆಯನ್ನೇ ಹೇಳುತ್ತೇನೆ. ಈಗ ಇರಾಕ್ ಇರುವ ಕಡೆ, ಬ್ಯಾಬಿಲೋನಿನ ರಾಜರ ಕಾಲದ್ದು. ಕ್ರಿ.ಪೂ. 17ನೇ ಶತಮಾನದಲ್ಲಿ ಇಪಿಕ್-ಅಯಾ ಎಂಬ ಲಿಪಿಕಾರ ಇದನ್ನು ಮೂರು ಮಣ್ಣಿನ ಹಲಗೆಗಳ ಮೇಲೆ ನಕಲು ಮಾಡಿದ. ಒಟ್ಟು 1,245 ಸಾಲು ಎಂದು ಕೊನೆಗೆ ಲೆಕ್ಕವನ್ನೂ ಬರೆದಿಟ್ಟ.

ಕಥೆ ಶುರುವಾಗುವಾಗ ಮನುಷ್ಯರೇ ಇಲ್ಲ. ದೇವರುಗಳೇ ಕಾಲುವೆ ತೋಡುತ್ತಿದ್ದಾರೆ. ದೊಡ್ಡ ದೇವರುಗಳು ಕೂತು ಆಳುತ್ತಾರೆ, ಇಗಿಗಿ ಎಂಬ ಚಿಕ್ಕ ದೇವರುಗಳು ಮಣ್ಣು ಹೊರುತ್ತಾರೆ. ಕೊನೆಗೆ ಇವರಿಗೆ ಸಾಕಾಗುತ್ತದೆ. ಹಾರೆ, ಬುಟ್ಟಿಗಳಿಗೆ ಬೆಂಕಿ ಹಚ್ಚಿ ನಡುರಾತ್ರಿ ಒಡೆಯ ಎನ್ಲಿಲ್‌ನ ಮನೆ ಸುತ್ತುವರಿಯುತ್ತಾರೆ. ಎನ್ಲಿಲ್ ಅಳುತ್ತಾನೆ. ಆಗ ಒಂದು ತೀರ್ಮಾನವಾಗುತ್ತದೆ. ಬುದ್ಧಿಯಿದ್ದ ದೇವರೊಬ್ಬನನ್ನು ಕೊಂದು, ಅವನ ರಕ್ತ ಮಾಂಸವನ್ನು ಜೇಡಿಮಣ್ಣಿಗೆ ಕಲಸಿ, ಏಳು ಗಂಡು ಏಳು ಹೆಣ್ಣು ಮಾಡುತ್ತಾರೆ. ದೇವರುಗಳ ಬುಟ್ಟಿ ಮನುಷ್ಯನ ತಲೆಗೆ ಬರುತ್ತದೆ.

ಆ ನೆಲ ನೋಡು. ಮಳೆ ಕಡಿಮೆ. ಕಾಲುವೆ ಇಲ್ಲದೆ ಬಾರ್ಲಿ ಬೆಳೆಯದು. ಕಾಲುವೆ ತುಂಬ ಹೂಳು, ಎತ್ತುತ್ತಲೇ ಇರಬೇಕು. ಅರಮನೆಯವರು, ಗುಡಿಯವರು ಬಿಟ್ಟಿ ಕೆಲಸಕ್ಕೆ ಕರೆಯುತ್ತಾರೆ. ಬೆನ್ನು ಬಾಗಿದವನು "ನಾನೇ ಯಾಕೆ ಹೊರಬೇಕು?" ಎಂದರೆ ಈ ಕಥೆ ಉತ್ತರ ಕೊಡುತ್ತದೆ: ನಿನ್ನನ್ನು ಮಾಡಿದ್ದೇ ಇದಕ್ಕೆ. ಇದು ಒಡೆಯರಿಗೆ ಅನುಕೂಲದ ಮಾತು, ಅದನ್ನು ಮುಚ್ಚಿಡಬೇಡ. ಆದರೆ ಇದೇ ಕಥೆ ಇನ್ನೊಂದನ್ನೂ ಹೇಳುತ್ತಿದೆ. ಈ ದುಡಿಮೆ ದೇವರುಗಳಿಗೂ ತಡೆಯಲಾಗದ್ದು, ಮತ್ತು ಹೊರುವವನ ಮೈಯಲ್ಲಿ ದೇವರ ರಕ್ತ ಇದೆ. ಈ ಎರಡರಲ್ಲಿ ಒಂದನ್ನು ಮಾತ್ರ ಬರೆದರೆ ಕಥೆಗೆ ಅನ್ಯಾಯ ಮಾಡಿದ ಹಾಗೆ.

ಮುಂದೆ ಜನ ಹೆಚ್ಚಿ ಗದ್ದಲವಾಗುತ್ತದೆ, ಎನ್ಲಿಲ್‌ಗೆ ನಿದ್ದೆ ಬರುವುದಿಲ್ಲ. ರೋಗ, ಬರ, ಕೊನೆಗೆ ಪ್ರಳಯ ಕಳಿಸುತ್ತಾನೆ. ಎನ್ಕಿ ಎಂಬ ದೇವರು ಜೊಂಡಿನ ಗೋಡೆಯೊಂದಿಗೆ ಮಾತಾಡುವ ಹಾಗೆ ಮಾಡಿ ಅತ್ರಹಸಿಸ್ ಎಂಬ ಮನುಷ್ಯನಿಗೆ ಸುಳಿವು ಕೊಡುತ್ತಾನೆ, ಅವನು ದೋಣಿ ಕಟ್ಟುತ್ತಾನೆ. ನೀನು ಇಲ್ಲೇ ನಿಂತುಬಿಟ್ಟಿದ್ದೀಯ. ಮನು, ಬೈಬಲಿನ ನೋಹ, ಅತ್ರಹಸಿಸ್ ಎಲ್ಲರದ್ದೂ ಒಂದೇ ಪ್ರಳಯ, ಹಾಗಾಗಿ ಅದು ನಡೆದದ್ದೇ ಎಂದು ಬರೆದಿದ್ದೀಯ. ಅವಸರ ಬೇಡ. ಪುರಾತತ್ವಜ್ಞ ಲಿಯೊನಾರ್ಡ್ ವೂಲಿ 1929ರಲ್ಲಿ ಅಲ್ಲಿನ ಉರ್ ಎಂಬ ಹಳೆಯ ಊರಲ್ಲಿ ದಪ್ಪನೆಯ ಹೂಳಿನ ಪದರ ಕಂಡು ಪ್ರಳಯವೇ ಸಿಕ್ಕಿತು ಎಂದುಕೊಂಡ. ಆಮೇಲೆ ನೋಡಿದರೆ ಒಂದೊಂದು ಊರಿನ ಹೂಳಿಗೂ ಒಂದೊಂದು ಕಾಲ. ಟೈಗ್ರಿಸ್, ಯೂಫ್ರೆಟಿಸ್ ನದಿಗಳು ಪೈರು ಮಾಗುವ ಹೊತ್ತಿಗೇ ಉಕ್ಕುತ್ತಿದ್ದವು. ಆ ಜನಕ್ಕೆ ಪ್ರವಾಹ ಹೊಸದೇನೂ ಅಲ್ಲ.

ಪ್ರಳಯ ಇಳಿದ ಮೇಲೆ ಏನಾಯಿತು ಎಂದು ನೋಡು. ಶತಪಥ ಬ್ರಾಹ್ಮಣ ಎಂಬ ವೈದಿಕ ಗ್ರಂಥದಲ್ಲಿ ಮನು ಒಬ್ಬನೇ ಉಳಿಯುತ್ತಾನೆ. ನೀರಿಗೆ ತುಪ್ಪ ಮೊಸರು ಅರ್ಪಿಸುತ್ತಾನೆ, ಅದರಿಂದ ಇಡಾ ಹುಟ್ಟುತ್ತಾಳೆ, ಅವಳಿಂದ ಸಂತತಿ ಬೆಳೆಯುತ್ತದೆ. ಆ ಕಥೆ ಬರುವುದೇ ಯಜ್ಞದಲ್ಲಿ ಇಡಾ ಎಂಬ ಭಾಗವನ್ನು ವಿವರಿಸುವ ಕಡೆ. ಬ್ಯಾಬಿಲೋನಿನ ಕಥೆಯಲ್ಲಿ ಮಾತ್ರ ದೇವರುಗಳು ಹಸಿದು ಕೂತಿರುತ್ತಾರೆ, ಎಡೆ ಇಡುವವರಿಲ್ಲದೆ. ಅತ್ರಹಸಿಸ್ ಎಡೆ ಇಟ್ಟಾಗ ನೊಣಗಳ ಹಾಗೆ ಮುತ್ತುತ್ತಾರೆ. ಮನುಷ್ಯರು ಬೇಕು, ಆದರೆ ಜಾಸ್ತಿ ಆಗಬಾರದು. ಅದಕ್ಕೊಂದು ಏರ್ಪಾಡು ಮಾಡುತ್ತಾರೆ. ಕೆಲವು ಹೆಂಗಸರಿಗೆ ಮಕ್ಕಳಾಗುವುದಿಲ್ಲ, ಕೆಲವರು ಮಕ್ಕಳನ್ನು ಹೆರದ ಗುಡಿಯ ಹೆಂಗಸರಾಗುತ್ತಾರೆ. ಇನ್ನು ಪಾಶಿತ್ತು ಎಂಬ ಪೀಡೆ, ತಾಯಿಯ ಮಡಿಲಿಂದ ಕೂಸನ್ನು ಕಿತ್ತುಕೊಳ್ಳುತ್ತದೆ.

ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತಿದ್ದೆ. ನನಗಿಂತ ಮೊದಲು ನಮ್ಮಮ್ಮ ಎರಡು ಕೂಸು ಕಳೆದುಕೊಂಡಿದ್ದಳು. ಅವಳದೇ ತಪ್ಪು ಅನ್ನುವ ಹಾಗೆ ಓಣಿಯವರು ಆಡಿದ ಮಾತು ಅವಳಿಗೆ ಎಪ್ಪತ್ತರಲ್ಲೂ ನೆನಪಿತ್ತು. ಬ್ಯಾಬಿಲೋನಿನ ಹೆಂಗಸಿಗೆ ಈ ಕಥೆ, ತಪ್ಪು ನಿನ್ನದಲ್ಲ ತಾಯಿ, ನೀನು ಹುಟ್ಟುವ ಮೊದಲೇ ಆದ ತೀರ್ಮಾನ ಇದು ಎಂದಿತು. ಕಟುವಾದ ಸಮಾಧಾನ ಅದು. ನಮ್ಮಮ್ಮನಿಗೆ ಅಷ್ಟೂ ಸಿಗಲಿಲ್ಲ.

ಇನ್ನೊಂದು ಸಾಲು ನಿನ್ನ ಕಣ್ಣು ತಪ್ಪಿಸಿದೆ. ಮನುಷ್ಯರನ್ನು ಮಾಡುವಾಗ ಹೆರಿಗೆಯ ದೇವತೆ ಮಾಮಿ ಜೇಡಿಮಣ್ಣಿನ ತುಂಡುಗಳ ನಡುವೆ ಒಂದು ಇಟ್ಟಿಗೆ ಇಡುತ್ತಾಳೆ. ಹೆರಿಗೆ ಮನೆಯಲ್ಲಿ ಒಂಬತ್ತು ದಿನ ಇಟ್ಟಿಗೆ ಇರಲಿ ಎಂದೂ ಕಥೆ ಹೇಳುತ್ತದೆ. ಅಲ್ಲಿನ ಹೆಂಗಸರು ಇಟ್ಟಿಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಹೆರುತ್ತಿದ್ದರು. ಹಾಗಾದರೆ ನೋವು ತಿನ್ನುತ್ತಿದ್ದ ಹೆಣ್ಣಿನ ಕಾಲಡಿ ಇದ್ದದ್ದು ಮೊದಲ ಮನುಷ್ಯರು ಹುಟ್ಟಿದಾಗ ಇಟ್ಟಿದ್ದ ಅದೇ ಇಟ್ಟಿಗೆ.

ಲೇಖನವನ್ನು ಆ ಇಟ್ಟಿಗೆಯಿಂದ ಶುರು ಮಾಡು. ಪ್ರಳಯ ಆಮೇಲೆ ಬರಲಿ. ಗುಡುಗು ಮಿಂಚಿನ ಪ್ಯಾರಾ ಪೂರ್ತಿ ತೆಗೆ. ತಿಂಗಳ ಕೊನೆವರೆಗೆ ನಾನು ಮನೆಯಲ್ಲೇ ಇರುತ್ತೇನೆ, ಬರೆದ ತಕ್ಷಣ ಕಳಿಸು.

ನಿನ್ನ ಅಕ್ಕ