ನೀಲಿ ಬೆಳಕಿಗೆ ಹಣ ಪಡೆದು ಬೇರೆ ಯಂತ್ರ ಬಳಸಿದ್ದರ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಚರ್ಮ ಚಿಕಿತ್ಸಾ ಕೇಂದ್ರ, ಹುಬ್ಬಳ್ಳಿ

ಮಾನ್ಯರೇ,

ನನ್ನ ಮಗಳ ಮೊಡವೆಗೆ ನೀಲಿ ಬೆಳಕಿನ ಚಿಕಿತ್ಸೆ ಎಂದು 8 ಸಲಕ್ಕೆ 12,000 ರೂಪಾಯಿ ಮುಂಗಡ ಕಟ್ಟಿದ್ದೇನೆ. ಧಾರವಾಡದಲ್ಲಿ ಕಾಲೇಜು ಮುಗಿಸಿ ಅವಳು ಚಿಗರಿ ಬಸ್ಸಿನಲ್ಲಿ ನಿಮ್ಮಲ್ಲಿಗೆ ಬರುತ್ತಿದ್ದಳು. ಮೊದಲ 3 ಸಲ ತೊಂದರೆಯಾಗಲಿಲ್ಲ. ಕೆಂಪು ಗುಳ್ಳೆಗಳು ಸ್ವಲ್ಪ ಇಳಿದಿದ್ದವು, ಅದನ್ನು ಒಪ್ಪುತ್ತೇನೆ.

ನಾಲ್ಕನೆಯ ಸಲ ಆ ನೀಲಿ ದೀಪದ ಫಲಕವೇ ಇರಲಿಲ್ಲ. ತಣ್ಣನೆಯ ಜೆಲ್ ಹಚ್ಚಿ, ಕೈಯಲ್ಲಿ ಹಿಡಿದ ಯಂತ್ರದಿಂದ ಮಿಂಚು ಹೊಡೆದ ಹಾಗೆ ಬೆಳಕು ಬಿಟ್ಟಿದ್ದಾರೆ. ಉರಿಯುತ್ತಿದೆ ಎಂದು ಮಗಳು ಎರಡು ಸಲ ಹೇಳಿದರೂ ‘ಹಾಗೆಯೇ ಇರುತ್ತದೆ’ ಎಂದು ನಿಮ್ಮ ಸಿಬ್ಬಂದಿ ಮುಂದುವರಿಸಿದ್ದಾರೆ. ಮರುದಿನ ಎರಡೂ ಕೆನ್ನೆಗಳಲ್ಲಿ ನೀರುಗುಳ್ಳೆ ಎದ್ದವು. ಈಗ ಅಳೆದು ಬರೆದಂತೆ ಆಯತಾಕಾರದ ಕಪ್ಪು ಪಟ್ಟಿಗಳಿವೆ.

ಇದು ಐಪಿಎಲ್ (ಇಂಟೆನ್ಸ್ ಪಲ್ಸ್ಡ್ ಲೈಟ್) ಯಂತ್ರದಿಂದಾದ ಸುಟ್ಟ ಗಾಯ ಎಂದು ಚರ್ಮರೋಗ ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಅವರು ವಿವರಿಸಿದ ಮೇಲೆ ನನಗೆ ವ್ಯತ್ಯಾಸ ತಿಳಿಯಿತು. ನೀಲಿ ಬೆಳಕಿನ ತರಂಗಾಂತರ ಸುಮಾರು 415 ನ್ಯಾನೊಮೀಟರ್. ಮೊಡವೆಯ ಬ್ಯಾಕ್ಟೀರಿಯಾದೊಳಗಿನ ಪಾರ್ಫಿರಿನ್ ಎಂಬ ವಸ್ತು ಅದನ್ನು ಹೀರಿದಾಗ ಬ್ಯಾಕ್ಟೀರಿಯಾ ಸಾಯುತ್ತದೆ. ಐಪಿಎಲ್ ಹಲವು ತರಂಗಾಂತರಗಳ ತೀವ್ರ ಬೆಳಕನ್ನು ಒಂದೇ ಏಟಿಗೆ ಬಿಡುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಅದನ್ನು ಹೀರಿ ಬಿಸಿಯಾಗುವುದರಿಂದ ನಮ್ಮಂಥ ಕಂದು ಬಣ್ಣದವರಿಗೆ ಸುಡುವ, ಕಲೆ ಉಳಿಯುವ ಅಪಾಯ ಹೆಚ್ಚು. ಮೊದಲು ಸಣ್ಣ ಜಾಗದಲ್ಲಿ ಪರೀಕ್ಷಿಸಬೇಕಿತ್ತು, ಮಾಡಲಿಲ್ಲ. ಆ ವಾರವಷ್ಟೇ ಅವಳು ಡಾಕ್ಸಿಸೈಕ್ಲಿನ್ ಶುರುಮಾಡಿದ್ದಳು. ಚರ್ಮವನ್ನು ಬೆಳಕಿಗೆ ಸೂಕ್ಷ್ಮಗೊಳಿಸುವ ಮಾತ್ರೆ ಅದು. ಅದರ ಚೀಟಿ ಅವಳ ಬ್ಯಾಗಿನಲ್ಲೇ ಇತ್ತು, ಕೇಳಿದ್ದರೆ ತೆಗೆದು ತೋರಿಸುತ್ತಿದ್ದಳು.

ನಾನು ಬಂದು ವಿಚಾರಿಸಿದಾಗ ನೀವು ಕೊಟ್ಟ ಉತ್ತರ ನನ್ನ ಕಿವಿಯಲ್ಲಿ ಇನ್ನೂ ಕೊರೆಯುತ್ತಿದೆ: ‘ಹೊಸ ಯಂತ್ರ, ಇನ್ನೂ ಒಳ್ಳೆಯದು, ಹೆಚ್ಚಿಗೆ ದುಡ್ಡು ಕೇಳಿಲ್ಲವಲ್ಲ.’ ರಸೀದಿಯಲ್ಲಿ ಮಾತ್ರ ‘ನೀಲಿ ಬೆಳಕು’ ಎಂದೇ ಇದೆ. ಯಾರ ಮುಖದ ಮೇಲೆ ಯಾವ ಯಂತ್ರ ಇಡುತ್ತೀರಿ ಎಂದು ಅವರಿಗೇ ಹೇಳಬೇಕೆಂದು ನಿಮಗೆ ಅನ್ನಿಸಲಿಲ್ಲವೇ? ಪರೀಕ್ಷೆ ಹತ್ತಿರ ಬಂದಿರುವಾಗ ನನ್ನ ಹುಡುಗಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಬಸ್ ಹತ್ತುತ್ತಿದ್ದಾಳೆ.

ಅಂದು ಬಳಸಿದ ಯಂತ್ರ, ಇಟ್ಟ ತೀವ್ರತೆ ಮತ್ತು ಅದನ್ನು ನಡೆಸಿದವರ ವಿದ್ಯಾರ್ಹತೆಯನ್ನು 2 ದಿನಗಳಲ್ಲಿ ಬರೆದು ಕೊಡಿ. ವೈದ್ಯರು ಆ ವಿವರ ಕೇಳುತ್ತಿದ್ದಾರೆ. ಕಟ್ಟಿದ ಹಣವನ್ನೂ ಸುಟ್ಟ ಗಾಯದ ಚಿಕಿತ್ಸೆಯ ಖರ್ಚನ್ನೂ 15 ದಿನಗಳೊಳಗೆ ಕೊಡಬೇಕು. ಇಲ್ಲವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ರಸೀದಿ, ವೈದ್ಯರ ಚೀಟಿ ಮತ್ತು ಕೆನ್ನೆಯ ಫೋಟೊಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇಂತಿ,
ರಸೀದಿಯಲ್ಲಿ ಹೆಸರಿರುವ ಹುಡುಗಿಯ ತಾಯಿ
ವಿದ್ಯಾನಗರ, ಹುಬ್ಬಳ್ಳಿ