ನಮ್ಮನೆ ಮೇಲೊಂದು ಕೆಂಪು ಬಾಣ

ಸಂಪಾದಕರೇ,

‘ನಟಿ ನೋಡಲು ಮುಗಿಬಿದ್ದ ಜನ’ ಎಂಬ ಸೋಮವಾರದ ಸುದ್ದಿ ಓದಿದೆ. ಮುಗಿಬಿದ್ದದ್ದು ನಮ್ಮ ಮನೆ ಗೇಟಿನ ಮೇಲೆ. ಗೇಟು ಈಗ ಮುಚ್ಚುತ್ತಿಲ್ಲ. ಒಳಗೆ ನಟಿಯೂ ಇರಲಿಲ್ಲ, ಗುಟ್ಟಿನ ನಿಶ್ಚಿತಾರ್ಥವೂ ಇರಲಿಲ್ಲ. ನನ್ನ ನಾದಿನಿ ಮಗಳ ಸೀಮಂತ ಇತ್ತು. ಅದನ್ನು ನೀವು ಕೊನೇ ಸಾಲಿನಲ್ಲಿ ಬರೆದಿದ್ದೀರಿ, ಸಂತೋಷ.

ಒಂದು ಶಾಮಿಯಾನ, ಬೆಂಗಳೂರು ನಂಬರಿನ ಎರಡು ಕಾರು. ಅಷ್ಟೇ ಸಾಕಾಯಿತು. ಯಾರೋ ಪುಣ್ಯಾತ್ಮ ಯೂಟ್ಯೂಬ್‌ಗೆ ನಮ್ಮನೆ ಫೋಟೊ ಹಾಕಿ, ಕೆಂಪು ಬಾಣ ಬರೆದು, ‘ಈ ಮನೆಯಲ್ಲಿ ನಡೀತಿರೋದೇನು?’ ಅಂತ ಕೇಳಿದ. ಬಾಣದ ತುದಿಯಲ್ಲಿ ನನ್ನ ಪಂಚೆ ಒಣಗುತ್ತಿತ್ತು. ಹತ್ತು ಗಂಟೆಗೆಲ್ಲ ರಸ್ತೆ ಜಾಮ್. ಏಳು ತಿಂಗಳ ಬಸುರಿ ಅಗ್ನಿಶಾಮಕ ಠಾಣೆ ಹತ್ತಿರವೇ ಆಟೊ ಇಳಿದು ನಡೆದು ಬಂದಳು. ಅಡುಗೆಯವರ ಗ್ಯಾಸ್ ಸಿಲಿಂಡರ್ ಮೂಲೆಯಲ್ಲೇ ನಿಂತಿತು. ಕಾಂಪೌಂಡ್ ಹತ್ತಿದ ಹುಡುಗನೊಬ್ಬ ಕನಕಾಂಬರದ ಕುಂಡ ಒಡೆದು, ‘ಅಂಕಲ್, ಒಂದ್ ಬೈಟ್ ಕೊಡಿ’ ಅಂದ. ಕ್ಯಾಮೆರಾ ಮುಂದೆ ಎರಡು ಮಾತಾಡಿ ಅಂತ. ತಿನ್ನೋಕೆ ಕೇಳ್ತಿದ್ದಾನೆ ಅಂತ ನಮ್ಮನೆಯವಳು ಎರಡು ಕೋಡುಬಳೆ ಕೊಟ್ಟಳು. ತಿಂದ. ಆಮೇಲೆ ಅದನ್ನೂ ಹಾಕಿದ: ‘ನಿಶ್ಚಿತಾರ್ಥದ ಮೆನು ಲೀಕ್’!

ಮಧ್ಯಾಹ್ನ ಮಂಡ್ಯದಿಂದ ಅಕ್ಕನ ಫೋನು. ‘ಏನ್ಲಾ, ನಿಮ್ಮನೇಗೆ ಹೀರೋಯಿನ್ ಬಂದವ್ಳಂತೆ, ನಂಗ್ಯಾಕ್ಲಾ ಹೇಳ್ನಿಲ್ಲ?’ ಇನ್ನೂ ಮುನಿಸಿಕೊಂಡೇ ಇದ್ದಾಳೆ.

ನಾನು ಗ್ರಂಥಾಲಯದಲ್ಲಿ 31 ವರ್ಷ ಕೆಲಸ ಮಾಡಿದವನು. ಗುಸುಗುಸು ಸುದ್ದಿ ನನಗೆ ಹೊಸದಲ್ಲ. 1980ರಲ್ಲಿ ಲಂಕೇಶ್ ಪತ್ರಿಕೆ, 1995ರಲ್ಲಿ ಹಾಯ್ ಬೆಂಗಳೂರ್ ಶುರುವಾದದ್ದನ್ನು ಕಂಡಿದ್ದೇನೆ. ‘ಛೆ, ಇದನ್ನೆಲ್ಲ ಯಾರು ಓದ್ತಾರೆ’ ಅನ್ನುವವರೇ ಟ್ಯಾಬ್ಲಾಯ್ಡ್‌ಗೆ ಮೊದಲು ಕೈ ಹಾಕುತ್ತಿದ್ದರು. ಬರೆಯುವವರಿಗೆ ದೊಡ್ಡವರೇ ಹೆದರುತ್ತಿದ್ದರು. 2017ರಲ್ಲಿ ವಿಧಾನಸಭೆಯೇ ಇಬ್ಬರು ಟ್ಯಾಬ್ಲಾಯ್ಡ್ ಸಂಪಾದಕರಿಗೆ ಒಂದು ವರ್ಷ ಜೈಲು ಅಂತ ತೀರ್ಮಾನ ಮಾಡಿತ್ತಲ್ಲ, ನೆನಪಿದೆಯೇ? ಸರಿಯೋ ತಪ್ಪೋ, ಜೈಲಿಗೆ ಕಳಿಸೋಣ ಅಂದರೆ ಹೆಸರು, ವಿಳಾಸವಾದರೂ ಇತ್ತು. ಹಾಲಿವುಡ್‌ನಲ್ಲಿ ಗಾಸಿಪ್ ಕಾಲಂ ಬರೆಯುತ್ತಿದ್ದ ಹೆಡ್ಡಾ ಹಾಪರ್ ಬೆವರ್ಲಿ ಹಿಲ್ಸ್‌ನ ತನ್ನ ಬಂಗಲೆಯನ್ನು ‘ಭಯ ಕಟ್ಟಿಸಿದ ಮನೆ’ ಅನ್ನುತ್ತಿದ್ದಳಂತೆ. ನನ್ನ ಮನೆ ಕಟ್ಟಿಸಿದ್ದು ಪಿಎಫ್ ಸಾಲ, ಸ್ವಾಮಿ.

ಈಗ ನಟನಟಿಯರೇ ಮದುವೆ, ಮಗು, ಮುನಿಸು ಎಲ್ಲವನ್ನೂ ಇನ್‌ಸ್ಟಾಗ್ರಾಂಗೆ ಹಾಕುತ್ತಾರೆ. ಕಾಲಂ ಬರೆಯುವವರಿಗೆ ಗುಟ್ಟೇ ಉಳಿಯಲಿಲ್ಲ. ಅವರ ಅಧಿಕಾರ ಕೈಯಲ್ಲಿ ಮೊಬೈಲ್ ಇರುವ ಪ್ರತಿ ಹುಡುಗನಿಗೂ ಹೋಯಿತು. ಗುಟ್ಟು ಸಿಗದೆ ಈ ಹುಡುಗರು ಈಗ ನಮ್ಮಂಥವರ ಶಾಮಿಯಾನಕ್ಕೆ ಬಂದಿದ್ದಾರೆ. ಪತ್ರಿಕೆಯ ಮೇಲಾದರೆ ಪ್ರೆಸ್ ಕೌನ್ಸಿಲ್‌ಗೆ ದೂರು ಕೊಡಬಹುದು, ಯೂಟ್ಯೂಬ್ ಅದರ ವ್ಯಾಪ್ತಿಗೆ ಬರೋದಿಲ್ಲ. 2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮ ಇಂಥ ಜಾಲತಾಣಗಳಿಗೆ ದೂರು ವಿಲೇವಾರಿಗೆ 15 ದಿನ ಕೊಟ್ಟಿತು. ಅಷ್ಟರಲ್ಲಿ ಈ ಚಾನೆಲ್‌ನವರು ಆ ನಟಿಗೆ ಮಗುವನ್ನೂ ಹುಟ್ಟಿಸಿ ತೊಟ್ಟಿಲಿಗೆ ಹಾಕಿರುತ್ತಾರೆ.

ಪೊಲೀಸ್ ಠಾಣೆಗೆ ಫೋನ್ ಮಾಡಿದರೆ ‘ನಟಿ ಯಾವಾಗ ಹೊರಡ್ತಾರೆ ಸಾರ್?’ ಅಂತ ನನ್ನನ್ನೇ ಕೇಳಿದರು. ಹತ್ತು ನಿಮಿಷಕ್ಕೆ ಜೀಪೂ ಬಂತು. ಇದೇ ರಸ್ತೆಯ ಚರಂಡಿ ಚಪ್ಪಡಿ ಮುರಿದು ಎರಡು ಮಳೆಗಾಲ ಆಯಿತು. ಮೂರು ಅರ್ಜಿ ಕೊಟ್ಟಿದ್ದೇನೆ. ಸಂಬಂಧಪಟ್ಟ ಅಧಿಕಾರಿ ಒಮ್ಮೆಯೂ ಈ ಕಡೆ ತಲೆ ಹಾಕಿರಲಿಲ್ಲ. ಭಾನುವಾರ ಬಂದಿದ್ದರು, ಮಗಳ ಸಮೇತ, ಸೆಲ್ಫಿಗೆ. ಅದೇ ಚಪ್ಪಡಿ ದಾಟಿಕೊಂಡೇ ಬಂದರು. ಬೀದಿ ದೀಪದ ಕಥೆ ಇನ್ನೊಂದು ಪತ್ರಕ್ಕಾಗುತ್ತದೆ.

ಈ ಚಾನೆಲ್‌ಗಳನ್ನು ಮುಚ್ಚಿಸಬೇಕು, ಇಲ್ಲವೇ ಲೈಸೆನ್ಸ್ ಕೊಡಬೇಕು. ಏನೋ ಒಂದು ಮಾಡಲಿ. ಆ ಚಪ್ಪಡಿಯನ್ನೂ ಹಾಕಿಸಲಿ. ನೀವೂ ಅಷ್ಟೇ, ಫೋನ್‌ನಲ್ಲಿ ಹರಿದಾಡಿದ್ದನ್ನೆಲ್ಲ ‘ವೈರಲ್’ ಅಂತ ಅಚ್ಚು ಹಾಕುವ ಮುಂಚೆ ಒಮ್ಮೆ ಬಾಗಿಲು ತಟ್ಟಿ ಕೇಳಬಾರದಿತ್ತೇ? ಹೇಗೂ ಗೇಟು ತೆರೆದೇ ಇದೆ.

ಹೆಸರು ಹಾಕಬೇಡಿ, ದಯವಿಟ್ಟು. ಮತ್ತೆ ಬಂದಾರು.

– ನೊಂದ ನಿವಾಸಿ, ಸರಸ್ವತಿಪುರಂ, ಮೈಸೂರು